ಒಂಬತ್ತನೆಯ ಕೈ

ಪುರಸಭೆಯ ಮೆಟ್ಟಿಲುಗಳ ಎರಡೂ ಬದಿಗೆ ಮೇಲಿನ ಬೀದಿಯ ಹೆಂಗಸರು ಖಾಲಿ ಬಕೆಟ್ ಹಿಡಿದು ನಿಂತಿದ್ದರು. ಖಾಲಿ ಬಕೆಟ್ ಎದುರಾದರೆ ಕೆಡುಕೆಂಬ ನಂಬಿಕೆ ಆ ಊರಿನದು. ಒಳಗೆ ಹೋಗುವ ಪ್ರತಿ ಸದಸ್ಯರಿಗೂ ಬಕೆಟ್ ವಾಲಿಸಿ ಒಣಗಿದ ತಳ ತೋರಿಸುತ್ತಿದ್ದರು, ಅಷ್ಟೆ.

“ಬನ್ನಿ ಲುಕ್ರೇತ್ಸಿಯಾ ಮೇಡಂ, ಬಕೆಟ್ಟೇನು ಕಚ್ಚುತ್ತಾ?” ಎಂದು ಮೇಯರ್ ಪ್ರಿಕೋಪ್ ನಕ್ಕ. ಅವನೂ ಕಣ್ಣನ್ನು ನೆಲಕ್ಕೆ ನೆಟ್ಟೇ ಹತ್ತಿದ್ದ. ಮೇಲಿನ ಬೀದಿಯವರು ಹೊಸ ನಲ್ಲಿಗೆ ಕಟ್ಟುವ ಎರಡು ಸಾವಿರ ಲೇಯಿ ಶುಲ್ಕವನ್ನು ಆರು ಸಾವಿರ ಮಾಡಿದರೆ ಕೆಳಗಿನ ಬೀದಿಯವರ ನೀರಿನ ದರ ಏರಿಸಬೇಕಾಗಿರಲಿಲ್ಲ. ಅದಕ್ಕೆ ಸಭೆಯಲ್ಲಿ ಒಂಬತ್ತು ಕೈ ಏಳಬೇಕಿತ್ತು; ಒಂಬತ್ತನೆಯದು ಸದಸ್ಯೆ ಲುಕ್ರೇತ್ಸಿಯಾಳದು.

ಕೊನೆಯ ಮೆಟ್ಟಿಲಲ್ಲಿ ಮುದುಕಿ ಸಾಫ್ತಾ ಇದ್ದಳು. “ಮಗಳನ್ನ ಹೆರಿಗೆಗೆ ಸೇರಿಸಿದೀಯಂತೆ?” ಎಂದು ಮೆಲ್ಲಗೆ ಕೇಳಿದಳು.

“ಬೆಳಿಗ್ಗೆ ಸೇರಿಸ್ದೆ. ಖಾಲಿ ಬಕೆಟ್ ನನ್ನೆದುರು ಹಿಡೀಬೇಡ ಅಜ್ಜಿ, ಇವತ್ತೊಂದು ದಿನ.”

“ತುಂಬಿಸ್ಕೊಂಡೇ ಬರ್ತಿದ್ದೆ ಕಣೇ. ಬುಗ್ಗೆ ಬತ್ತಿ ತಿಂಗಳಾಯ್ತು, ಎಲ್ಲಿಂದ ತುಂಬಿಸ್ಲಿ?”

ಸಭೆಯಲ್ಲಿ ಎಂಟು ಕೈಗಳು ಎದ್ದವು. ಸಾಫ್ತಾ ಬುಗ್ಗೆಯಿಂದ ನೀರು ಹೊತ್ತು ಮೇಲಿನ ಬೀದಿಯ ಏರು ಹತ್ತುವುದನ್ನು ಲುಕ್ರೇತ್ಸಿಯಾ ಇಪ್ಪತ್ತು ವರ್ಷ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಆಗೆಲ್ಲ ಅಲುಗದ ಮನಸ್ಸನ್ನು ಇಂದು ಬರೀ ಅಪಶಕುನದ ಹೆದರಿಕೆ ಅಲುಗಿಸಿತ್ತು. ನಾಚಿಕೆಯಾಯಿತು. ಕೈ ಮಾತ್ರ ಏಳಲಿಲ್ಲ.

“ಒಂದು ಕೈ ಕಡಿಮೆ ಇದೆ, ಮೇಡಂ,” ಎಂದ ಪ್ರಿಕೋಪ್, ಈಗ ನಗದೆ.

ಆಕೆ ಎರಡೂ ಕೈಗಳನ್ನು ಮೇಜಿನ ಕೆಳಗೆ ಬಿಗಿಯಾಗಿ ಹೆಣೆದುಕೊಂಡಳು. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಮಿನುಗಿ ನಡುಗತೊಡಗಿತು. ಆಸ್ಪತ್ರೆಯ ನಂಬರು. ಅದನ್ನು ಎತ್ತಿಕೊಳ್ಳಲೂ ಅವಳ ಕೈ ಮೇಲೆ ಬರಲಿಲ್ಲ.