ಟೇಪಿನ ತುದಿ

ಊರ ಬಯಲಿನಲ್ಲಿ ಬೇಸ್‌ಬಾಲ್ ಮೈದಾನ ಮಾಡುತ್ತಾರೆಂಬ ಸುದ್ದಿ ಬಂದಾಗಿನಿಂದ ಫಕೀರವ್ವನಿಗೆ ರೊಟ್ಟಿ ಸೇರಿರಲಿಲ್ಲ. ಅವಳ ಒಂದಂಕಣದ ಮನೆ ಬಯಲಿನ ಅಂಚಿಗೇ ಇತ್ತು. ಆಟಕ್ಕೆ ಜಾಗ ಸಾಲದಿದ್ದರೆ ಮೊದಲು ಕೆಡವುವುದು ಅದನ್ನೇ ಎಂದು ಓಣಿಯವರೆಲ್ಲ ಹೇಳಿದ್ದರು.

ಅಳೆಯಲು ಬಂದ ಆಟದ ಮಾಸ್ತರರು ಒಬ್ಬರೇ ಇದ್ದರು. ಟೇಪು ಹಿಡಿಯಲು ಅವಳೇ ಮುಂದಾದಳು.

"ತುದಿ ನಿನ್ನ ಗ್ವಾಡಿಗೆ ಒತ್ತಿ ಹಿಡಿ ಯವ್ವಾ, ಅಲುಗಾಡಿಸಬ್ಯಾಡ," ಎಂದು ಮಾಸ್ತರರು ಟೇಪು ಬಿಚ್ಚುತ್ತ ಬಯಲಿನ ಆಚೆ ಕೊನೆಗೆ, ಬ್ಯಾಟು ಹಿಡಿದವನು ನಿಲ್ಲುವ ಜಾಗಕ್ಕೆ ನಡೆದರು.

ಅವರು ಬೆನ್ನು ತಿರುಗಿಸಿದ್ದೇ ತಡ, ಫಕೀರವ್ವ ಮೂರು ಮೊಳ ಟೇಪನ್ನು ತನ್ನ ಕಡೆ ಎಳೆದು ಸೆರಗಿನೊಳಗೆ ಮುದುಡಿಕೊಂಡಳು. ಅವಳು ಶಾಲೆ ಕಂಡವಳಲ್ಲ. ಆದರೆ ಸಂತೆಯಲ್ಲಿ ಕುಬಸದ ಕಣ ಮಾರುವವರು ಕಡಿಮೆ ಬಟ್ಟೆಯನ್ನು ಹೆಚ್ಚು ಮಾಡಿ ತೋರಿಸುವುದನ್ನು ಜೀವಮಾನವಿಡೀ ನೋಡಿದ್ದಳು.

"ಎಷ್ಟ ಬಂತ್ರೀ ಮಾಸ್ತರ?" ಎಂದು ಕೂಗಿದಳು.

ಮಾಸ್ತರರು ಟೇಪು ಸುತ್ತಿಕೊಳ್ಳುತ್ತ ಹತ್ತಿರ ಬರುವಷ್ಟರಲ್ಲಿ ಸೆರಗು ಖಾಲಿಯಾಗಿತ್ತು.

"ಸಾಲತೈತಿ. ಬೇಕಾದ್ದಕ್ಕಿಂತ ಒಂದ ಅಡಿ ಹೆಚ್ಚ ಐತಿ."

ಫಕೀರವ್ವ ಗೋಡೆಗೊರಗಿ ಕೂತೇಬಿಟ್ಟಳು. "ಹಂಗಾರ ನನ್ನ ಮನಿ ಉಳೀತಲ್ರೀ?"

ಮಾಸ್ತರರು ಅವಳ ಮುಖ ನೋಡಲಿಲ್ಲ.

"ಕಮ್ಮಿ ಬಿದ್ದಿದ್ರ ಉಳೀತಿತ್ತು ಯವ್ವಾ, ಈ ಬಯಲು ಬಿಟ್ಟು ಬ್ಯಾರೆ ಊರು ನೋಡ್ತಿದ್ವಿ. ಈಗ ಮೈದಾನ ಇಲ್ಲೇ ಖಾಯಂ ಆತು; ಮಂದಿ ಕುಂದರೂ ಮೆಟ್ಟಿಲು ನಿನ್ನ ಮನಿ ಜಾಗದಾಗ ಬರ್ತಾವು."