ಅಜ್ಜಿಗೆ ಕಷಾಯ ಕುಡಿಸಿದ ಕತೆ

ಒಂದಾನೊಂದು ಮನೆಯಲ್ಲಿ, ಊರಿಗೆಲ್ಲ ಕಷಾಯ ಕುಡಿಸಿದ ಅಜ್ಜಿಯೊಬ್ಬಳು ತನ್ನ ಸರದಿ ಬಂದಾಗ ಬಾಯಿ ಬಿಗಿದು ಕೂತಳಂತೆ. ಹೊಟ್ಟೆಯುಬ್ಬರ ಎಂದು ಬೆಳಗಿನಿಂದ ನರಳಾಟ; ಓಮದ ಕಷಾಯ ಮಾತ್ರ ಬೇಡವೇ ಬೇಡವಂತೆ.

"ಲೋಟ ಖಾಲಿ ಮಾಡಿಸಿಯೇ ಬರ್ತೀನಮ್ಮಾ" ಎಂದು ಏಳು ವರ್ಷದ ಮೊಮ್ಮಗಳು ಅಮ್ಮನಿಗೆ ಮಾತು ಕೊಟ್ಟಳು. ನಿನ್ನೆ ಕದ್ದು ತಿಂದ ಆರು ಹೋಳಿಗೆಗಳು ಅವಳ ಹೊಟ್ಟೆಯಲ್ಲೂ ಗುಡುಗುತ್ತಿದ್ದವು. ಬಾಯಿಬಿಟ್ಟರೆ ತನಗೂ ಕಷಾಯವೇ ಗತಿ ಎಂದು ಸುಮ್ಮನಿದ್ದಳು.

"ಕುಡಿ ಅಜ್ಜಿ, ಜಾಣೆ ಅಲ್ವಾ?"

"ಅಯ್ಯೋ, ಗಂಟಲು ಉರಿಯುತ್ತೆ ಕಣೇ! ಮೊದಲು ನೀನು ಕುಡಿದು ತೋರಿಸು."

ಮೊಮ್ಮಗಳು ಒಂದು ಗುಟುಕು ನುಂಗಿದಳು. "ನೋಡು, ಏನೂ ಆಗ್ಲಿಲ್ಲ."

"ಅದು ಮೇಲಿನ ತಿಳಿ. ಖಾರವೆಲ್ಲ ನಡುವೆ ಇರುತ್ತೆ."

ಮೂಗು ಹಿಡಿದುಕೊಂಡು ಇನ್ನೂ ನಾಲ್ಕು ಗುಟುಕು ಇಳಿಸಿದಳು.

"ಬೆಲ್ಲ ಕರಗಿದೆಯೋ ಇಲ್ವೋ, ತಳದಲ್ಲೂ ಒಂಚೂರು ನೋಡಿಬಿಡು, ನನ್ನ ಬಂಗಾರ."

ಲೋಟದ ತಳ ಕಂಡಿತು. ಮೊಮ್ಮಗಳಿಗೆ ಅಳುವೇ ಬಂತು. "ಖಾಲಿಯಾಗೋಯ್ತಲ್ಲ ಅಜ್ಜಿ! ಈಗ ಅಮ್ಮಂಗೆ ಏನು ಹೇಳ್ಲಿ?"

ಅಜ್ಜಿ ನರಳುವುದನ್ನು ನಿಲ್ಲಿಸಿ ಅಡುಗೆಮನೆಯತ್ತ ಕೂಗಿದಳು: "ಕೇಳಿಸ್ತೇನೇ? ನಿನ್ನ ಮಗಳು ಒಂದು ತೊಟ್ಟೂ ಬಿಡದೆ ಕುಡಿದಳು!"