ನಿಧಾನದ ಚಾರ್ಜರ್

ನರ್ಸ್ ವಸಿತಿ ಫ್ರಿಜ್ಜಿನೊಳಗೆ ಕೈಯಿಟ್ಟವಳು ಹಾಗೇ ನಿಂತುಬಿಟ್ಟಳು. ಲಸಿಕೆಯ ಸೀಸೆಗಳೆಲ್ಲ ಬೆಚ್ಚಗಿದ್ದವು. ಆ ಪುಟ್ಟ ದ್ವೀಪದ ಇಡೀ ಆಸ್ಪತ್ರೆಗೆ ಇದ್ದದ್ದು ಒಂದೇ ಪ್ಲಗ್ಗು. ಅದರಲ್ಲಿ ಫ್ರಿಜ್ಜಿನ ತಂತಿಯ ಬದಲು ಒಂದು ಕರಿಯ ಚಾರ್ಜರ್ ಕೂತಿತ್ತು, ಹೊಟ್ಟೆಯಲ್ಲಿ ನಾಲ್ಕು ಬ್ಯಾಟರಿ ಇಟ್ಟುಕೊಂಡು.

ಬ್ಯಾಟರಿ ಒಯ್ಯಲು ಬಂದಿದ್ದ ಇನೋಕೆ ಮೇಷ್ಟ್ರು ಬಾಗಿಲಲ್ಲೇ ನಿಂತರು.

"ಭಾವ, ಇದು ನಿಮ್ದೇನಾ?"

"ನಂದೇ ವಸಿತಿ. ಇವತ್ತು ಶಾಲೆ ಹೊಸ ಕಟ್ಟಡದ ಉದ್ಘಾಟನೆ ಅಲ್ವಾ... ಕ್ಯಾಮೆರಾಕ್ಕೆ ಅಂತ..."

"ಹೆರಿಗೆ ಮಾಡಿಸೋಕೆ ಹೋಗ್ತೀನಿ, ಬೆಕ್ಕು ನುಗ್ಗದ ಹಾಗೆ ನೋಡ್ಕೊಳ್ಳಿ ಅಂತ ನಿಮ್ಮ ಕೈಗೆ ಬೀಗದಕೈ ಕೊಟ್ಟು ಹೋದೆ. ಬೆಕ್ಕೇ ವಾಸಿಯಾಗಿತ್ತು!"

ಅವಳು ಸೋದರತ್ತೆಯ ಮಗಳು. ಮೇಷ್ಟ್ರ ಕಾಲೆಳೆಯದೆ ಒಂದು ಮಾತೂ ಆಡಿದವಳಲ್ಲ. ಇವತ್ತು ಮಾತ್ರ ಅವಳ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ.

"ಒಂದು ಗಳಿಗೆಗೆ ಅಂತ ಹಾಕಿದ್ದು..." ಎಂದರು ಮೇಷ್ಟ್ರು. ಹಸಿ ಸುಳ್ಳು. ದೂರದ ಸುವಾ ಪಟ್ಟಣದ ಅಂಗಡಿಯವನು ಎರಡು ಚಾರ್ಜರ್ ಮುಂದಿಟ್ಟು, "ಇದನ್ನ ತಗೊಳ್ಳಿ ಮೇಷ್ಟ್ರೇ, ಒಂದು ಗಂಟೇಲಿ ತುಂಬುತ್ತೆ. ಅದು ಅಗ್ಗ, ಆದ್ರೆ ರಾತ್ರಿಯಿಡೀ ಕುಡೀತಾ ಕೂರುತ್ತೆ" ಎಂದು ಬಿಡಿಸಿ ಹೇಳಿದ್ದ. "ನಮ್ಮ ದ್ವೀಪದಲ್ಲಿ ರಾತ್ರಿಗೇನು ಬರವೇ?" ಎಂದು ನಕ್ಕು ಅಗ್ಗದ್ದನ್ನೇ ಆರಿಸಿದ್ದರು. ಉಳಿದ ದುಡ್ಡಿಗೆ ಹೆಗಲಿಗೆ ನೇತುಹಾಕುವ ಚರ್ಮದ ಚೀಲ ಬಂತು. ಕ್ಯಾಮೆರಾಕ್ಕಿಂತ ಆ ಚೀಲದ ಮೇಲೇ ಅವರಿಗೆ ಮೋಹ. ನಿನ್ನೆ ಸಂಜೆ ಪ್ಲಗ್ಗು ಕೀಳುವಾಗ ಅದರ ಮೇಲಿನ ಚೀಟಿಯನ್ನು ಓದಿಯೂ ಇದ್ದರು. 'ಇದನ್ನು ಯಾರೂ ತೆಗೆಯಕೂಡದು' ಎಂದು ವಸಿತಿ ಬರೆಸಿಕೊಂಡಿದ್ದು ಮೇಷ್ಟ್ರ ಮುದ್ದಾದ ಅಕ್ಷರದಲ್ಲೇ. ಬಾಗಿಲು ಮುಚ್ಚಿದ ಫ್ರಿಜ್ಜು ಬೆಳಗಿನವರೆಗೆ ತಣ್ಣಗಿರುತ್ತದೆ ಬಿಡು ಎಂದು ತಮಗೆ ತಾವೇ ಪಾಠ ಹೇಳಿಕೊಂಡು ಮನೆಗೆ ಹೋಗಿ ಗಡದ್ದಾಗಿ ಮಲಗಿದ್ದರು.

ಅಷ್ಟರಲ್ಲಿ ದಡದಲ್ಲಿ ದೋಣಿಗಳ ಮೋಟಾರು ಸದ್ದಾಯಿತು. ಪಕ್ಕದ ದ್ವೀಪದಲ್ಲಿ ದಡಾರ ಎದ್ದಿತ್ತು. ಆಚೆಯ ಹಳ್ಳಿಗಳ ತಾಯಂದಿರು ಕೂಸುಗಳನ್ನು ಎದೆಗವಚಿಕೊಂಡು, ಅಲೆಗೆ ಮೈಯೆಲ್ಲ ತೊಯ್ದು, ಲಸಿಕೆಗೆಂದು ಬಂದಿಳಿಯುತ್ತಿದ್ದರು.

ವಸಿತಿ ಹೊರಗೆ ಹೋದಳು. "ಫ್ರಿಜ್ಜು ಕೈಕೊಟ್ಟಿತು ಕಣ್ರಮ್ಮಾ. ಲಸಿಕೆ ಇನ್ನು ಮುಂದಿನ ತಿಂಗಳ ಹಡಗಿಗೇ ಬರೋದು. ಅಲ್ಲೀವರೆಗೆ ಮಕ್ಕಳನ್ನ ಮನೆಯಿಂದ ಆಚೆ ಬಿಡಬೇಡಿ." ಮೇಷ್ಟ್ರ ಕಡೆಗೆ ಅವಳು ತಿರುಗಿಯೂ ನೋಡಲಿಲ್ಲ.

ನಾನೇ ಮಾಡಿದ್ದು ಎನ್ನಲು ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ. ಅರೆದು ಕುಡಿಯುವ ಯಂಗೋನ ಬೇರಿನ ಒಂದು ಕಟ್ಟು ತಂದು ಮುಂದಿಟ್ಟು, ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು ತಪ್ಪಾಯಿತು ಎಂದರೆ, ಆ ಸೀಮೆಯಲ್ಲಿ ಯಾರೂ ಇಲ್ಲವೆನ್ನುವುದಿಲ್ಲ. ಈ ತಾಯಂದಿರೂ ಬೇರು ಮುಟ್ಟಿ, ಚಪ್ಪಾಳೆ ತಟ್ಟಿ, ಮನ್ನಿಸಿಯೇಬಿಡುತ್ತಿದ್ದರು. ಅಷ್ಟು ಸುಲಭಕ್ಕೆ ಸಿಗುವ ಆ ಕ್ಷಮೆಯನ್ನು ನೆನೆದೇ ಅವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಹೋಗ್ಲಿ ಬಿಡಿ ನರ್ಸಮ್ಮ, ಮಿಷಿನ್ನು ಕೆಟ್ರೆ ಯಾರೇನು ಮಾಡೋಕಾಗುತ್ತೆ?" ಎಂದಳು ತೋರಿಕಾ ಎಂಬ ಎಳೆ ಬಾಣಂತಿ, ಕೂಸಿನ ತಲೆ ಒರೆಸುತ್ತ. ಆಮೇಲೆ ಮೇಷ್ಟ್ರ ಹೆಗಲ ಚೀಲ ಅವಳ ಕಣ್ಣಿಗೆ ಬಿತ್ತು. "ಮೇಷ್ಟ್ರೇ, ಬಂದದ್ದು ದಂಡ ಆಗೋದು ಬೇಡ. ಇವನದ್ದೊಂದು ಫೋಟೋ ತೆಗೀರಿ. ಇವರಪ್ಪ ಮಿಲಿಟ್ರೀಲಿ, ದೂರ ದೇಶದಲ್ಲಿದ್ದಾರೆ. ಇನ್ನೂ ಮಗನ ಮುಖ ನೋಡಿಲ್ಲ."

"ನಮ್ದೂ ತೆಗೀರಿ! ನಮ್ದೂ!" ಉಳಿದವರೂ ಒದ್ದೆ ಬಟ್ಟೆ ಹಿಂಡಿಕೊಂಡು ಸಾಲಾಗಿ ನಿಂತರು.

ವಸಿತಿ ಒಳಗಿಂದ ಬ್ಯಾಟರಿಗಳನ್ನು ತಂದು ಮೇಷ್ಟ್ರ ಅಂಗೈಗೆ ಸುರಿದಳು. "ತೆಗೀರಿ ಭಾವ" ಎಂದಳು, ಅಷ್ಟೇ.

ಮೇಷ್ಟ್ರು ಬ್ಯಾಟರಿ ತುಂಬಿ, ಕ್ಯಾಮೆರಾ ಎತ್ತಿ ಒತ್ತಿದರು. ತೋರಿಕಾ ಓಡಿ ಬಂದು ಪುಟ್ಟ ಪರದೆಯಲ್ಲಿ ಇಣುಕಿದಳು.

"ಅಯ್ಯೋ, ಕಳ್ಳ ಕಣ್ಣು ಮುಚ್ಚಿಬಿಟ್ಟಿದ್ದಾನೆ! ಇನ್ನೊಂದು ತೆಗೀತೀರಾ ಮೇಷ್ಟ್ರೇ? ಬ್ಯಾಟರಿ ಇದೆ ತಾನೇ?"

ಮೇಷ್ಟ್ರು ಮತ್ತೆ ಕ್ಯಾಮೆರಾವನ್ನು ಮುಖಕ್ಕೆ ಅಡ್ಡ ಹಿಡಿದರು.

"ಇದೆಯಮ್ಮ," ಎಂದರು. "ಬೇಕಾದಷ್ಟಿದೆ."